ರೊಟ್ಟಿ ಬಿಟ್ಟ ಓಟ

ಗಂಡ ಬೇರೆ ಹೆಂಗಸಿನ ಮಾತು ಕೇಳಿ ಕುಡಿತ ಬಿಟ್ಟರೆ, ಮೀಸೆ ಬಿಟ್ಟರೆ ಹೆಂಡತಿಗೆ ಹೊಟ್ಟೆ ಉರಿಯುವುದನ್ನು ನಾನು ಕೇಳಿದ್ದೇನೆ. ನನ್ನ ಗಂಡ ಬೇರೆ ಹೆಂಗಸಿನ ಮಾತು ಕೇಳಿ ರೊಟ್ಟಿ ಬಿಟ್ಟರು. ನಾನು ಬಡಿದ ಜೋಳದ ರೊಟ್ಟಿ. ಇದನ್ನು ಹೇಳಿದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ. ಉರಿದದ್ದು ನನ್ನ ಹೊಟ್ಟೆ, ಅವರದಲ್ಲ.

ನಾವು ವಿಜಾಪುರದ ಕಡೆಯವರು. ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಹಡಪಸರದಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿ ಎರಡು ಕೋಣೆಯ ಮನೆ. ಗಂಡ, ಅತ್ತೆ, ನಾನು. ಗಂಡ ಹತ್ತಿರದ ಕಾರಖಾನೆಯಲ್ಲಿ ಯಂತ್ರದ ಮೇಲೆ ಕೆಲಸಕ್ಕಿದ್ದರು. ಹುಡುಗ ಓಡುತ್ತಾನೆ ಎಂದು ಮದುವೆಗೆ ಮೊದಲು ಮಧ್ಯಸ್ಥಿಕೆಯವರು ಹೇಳಿದಾಗ ನಮ್ಮಪ್ಪ, ಓಡುತ್ತಾನೆ ಅಂದರೆ ಯಾರಿಗೆ ಹೆದರಿ ಎಂದು ಕೇಳಿದ್ದರಂತೆ. ಆಮೇಲೆ ತಿಳಿಯಿತು, ಇದು ದೂರದ ಓಟ. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಸಾಸವಡದ ರಸ್ತೆ ಹಿಡಿದು ದಿವೆ ಘಾಟಿನ ಬುಡದವರೆಗೆ ಹೋಗಿ, ನಾನು ಹಂಚು ಒಲೆಗೆ ಇಡುವ ಹೊತ್ತಿಗೆ ಬೆವರು ಸುರಿಸುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಅವರ ಕಾರಖಾನೆಗೆ ಒಂದು ಓಟದ ತಂಡವಿತ್ತು. ಬೇರೆ ಕಾರಖಾನೆಗಳ ತಂಡಗಳ ಜೊತೆ ವರ್ಷಕ್ಕೊಮ್ಮೆ ಪೈಪೋಟಿ. ತಂಡದಲ್ಲಿರುವವರಿಗೆ ಪಾಳಿಯ ಕಾಟವಿಲ್ಲ, ವರ್ಷವಿಡೀ ಹಗಲಿನ ಕೆಲಸ. ತಂಡದಿಂದ ಬಿದ್ದರೆ ಮತ್ತೆ ಮೂರು ಪಾಳಿ. ಒಂದು ವಾರ ಹಗಲು, ಒಂದು ವಾರ ಸಂಜೆ, ಒಂದು ವಾರ ರಾತ್ರಿ ದುಡಿಯುವ ಮನುಷ್ಯ ಎಲ್ಲಿ ಓಡುತ್ತಾನೆ? ಹಾಗೆ ಬಿದ್ದವರು ಆರು ತಿಂಗಳಲ್ಲಿ ಹೊಟ್ಟೆ ಬಿಟ್ಟುಕೊಂಡು ಕ್ಯಾಂಟೀನಿನ ಮುಂದೆ ಕೂತು ಹಳೆಯ ಓಟದ ಕಥೆ ಹೇಳುವುದನ್ನು ನನ್ನ ಗಂಡ ನೋಡಿದ್ದರು. ತಂಡದಲ್ಲಿ ಉಳಿಯುವುದು ಅವರಿಗೆ ಊಟ ನಿದ್ದೆಗಿಂತ ದೊಡ್ಡದಾಗಿತ್ತು.

ಅವರು ಗೆಲ್ಲುತ್ತಿದ್ದರು, ಒಮ್ಮೊಮ್ಮೆ ಎರಡನೆಯವರಾಗಿ, ಒಮ್ಮೊಮ್ಮೆ ಮೊದಲನೆಯವರಾಗಿ. ಮನೆಗೆ ಥರ್ಮಾಸು ಬಂತು, ಗೋಡೆ ಗಡಿಯಾರ ಬಂತು, ಕುಕ್ಕರ್ ಬಂತು. ಚಾಳಿನ ಹೆಂಗಸರು ನಲ್ಲಿಯ ಹತ್ತಿರ ನಿಂತು, ಏನು ತಿನ್ನಿಸುತ್ತೀಯೇ ಅವನಿಗೆ ಎಂದು ಮರಾಠಿಯಲ್ಲಿ ಕೇಳುವರು. ಭಾಕರಿ, ನನ್ನ ಕೈಯ ಭಾಕರಿ ಎಂದು ನಾನು ಎದೆ ಸೆಟೆಸಿ ಹೇಳುವೆ. ತವರಿನಿಂದ ಬಿಳಿಜೋಳ ತರಿಸಿ, ಗಿರಣಿಯಲ್ಲಿ ಮುಂದೆ ನಿಂತು ಬೀಸಿಸಿ, ಎಸರು ಹಾಕಿ ನಾದಿ, ಪಟಪಟ ಬಡಿದು ಹಂಚಿನ ಮೇಲೆ ಉಬ್ಬಿಸಿ ಬಿಸಿಬಿಸಿ ಬಡಿಸುತ್ತಿದ್ದೆ. ಓಡುವುದು ಅವರ ಕಾಲಲ್ಲ, ನನ್ನ ರೊಟ್ಟಿ ಎಂದು ಎಷ್ಟು ಜನರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ಕಾರಖಾನೆಯ ವಾರ್ಷಿಕ ಸಮಾರಂಭದಲ್ಲಿ ಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟು ನಿನ್ನ ಗುಟ್ಟೇನಪ್ಪ ಎಂದು ಕೇಳಿದರೆ, ಅವರು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ನಾನೇ ಕೂಗಿ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ತಲೆ ತಗ್ಗಿಸಿ ನಕ್ಕರು. ಮೊದಲಿನಿಂದಲೂ ನಾಚಿಕೆಯ ಮನುಷ್ಯ ಎಂದುಕೊಂಡೆ.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಅವರಿಗೆ ನಲವತ್ತು ಹತ್ತಿರ ಬಂತು. ತಂಡಕ್ಕೆ ಹೊಸ ಹೊಸ ಹುಡುಗರು ಸೇರಿದರು. ಸಾತಾರಾ ಕಡೆಯಿಂದ ಬಂದವರು, ಗುಡ್ಡ ಹತ್ತಿ ಇಳಿದು ಬೆಳೆದವರು, ಕಾಲೆಂದರೆ ಜಿಂಕೆಯ ಕಾಲು. ಗಂಡ ಅರ್ಧ ದಾರಿಯಲ್ಲೇ ಸುಸ್ತಾಗತೊಡಗಿದರು. ಮುಂದಿನ ವರ್ಷದ ತಂಡವನ್ನು ಒಂದೇ ಓಟದಲ್ಲಿ ಆರಿಸುತ್ತೇವೆ, ಹಡಪಸರದಿಂದ ದಿವೆ ಘಾಟಿನ ನೆತ್ತಿಯವರೆಗೆ, ಮೊದಲು ಮುಟ್ಟಿದ ಆರು ಜನ ತಂಡದಲ್ಲಿ, ಉಳಿದವರು ಪಾಳಿಗೆ ಎಂದು ಸಾಹೇಬರು ಸಾರಿದರು. ಅವತ್ತಿನಿಂದ ಗಂಡನ ನಿದ್ದೆ ಹಾರಿಹೋಯಿತು.

ಆ ಹೊತ್ತಿಗೆ ಸರಿಯಾಗಿ ಆಕೆ ಬಂದಳು.

ಹಡಪಸರದ ಹೊಲಗಳೆಲ್ಲ ಆಗ ಗಾಜಿನ ಕಟ್ಟಡಗಳಾಗುತ್ತಿದ್ದವು. ಅಂಥದೊಂದರಲ್ಲಿ ಕಂಪ್ಯೂಟರ್ ಕೆಲಸ ಆಕೆಗೆ. ಬೆಂಗಳೂರಿನವಳು, ಮೂವತ್ತರ ಆಚೀಚೆ, ಒಬ್ಬಳೇ ಮನೆ ಮಾಡಿಕೊಂಡಿದ್ದಳು. ದೂರದ ಓಟದ ಹುಚ್ಚು. ಒಂದು ಭಾನುವಾರ ರಸ್ತೆಯಲ್ಲಿ ಓಡುವಾಗ ನನ್ನ ಗಂಡ ನಾಯಿಯನ್ನು ಕನ್ನಡದಲ್ಲಿ ಬೈದದ್ದು ಕೇಳಿ, ನೀವು ಕನ್ನಡದವರಾ ಸರ್ ಎಂದು ನಿಂತಳಂತೆ. ಅಷ್ಟೇ. ಅವತ್ತಿನಿಂದ ಪ್ರತಿ ಭಾನುವಾರ ಇಬ್ಬರೂ ಜೋಡಿಯಾಗಿ ಓಡುವುದು. ನನ್ನ ಗಂಡನಿಗೆ ನಾಯಿ ಬೈಯಲು ಮರಾಠಿ ಬರುತ್ತಿರಲಿಲ್ಲವೇ?

ಒಂದು ಬೆಳಿಗ್ಗೆ ತಟ್ಟೆಯ ಮುಂದೆ ಕೂತು, ನಾನು ರೊಟ್ಟಿ ಹಾಕುವ ಮೊದಲೇ ಅಂಗೈ ಅಡ್ಡ ಹಿಡಿದರು.

"ಇವತ್ತಿನಿಂದ ನಂಗ ರೊಟ್ಟಿ ಬ್ಯಾಡ. ಅನ್ನನೂ ಬ್ಯಾಡ. ಬೆಣ್ಣಿ ಅದ ಏನು?"

ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದೆ. ಜ್ವರವಿಲ್ಲ. ಆಮೇಲೆ ಒಂದೊಂದೇ ಹೊರಬಂತು. ಆ ಬೆಂಗಳೂರಿನವಳು ಇಂಟರ್ನೆಟ್ಟಿನಲ್ಲಿ ಓದಿದ್ದಾಳಂತೆ. ರೊಟ್ಟಿ, ಚಪಾತಿ, ಅನ್ನ, ಸಕ್ಕರೆ ಇವೆಲ್ಲ ಮೈಯಲ್ಲಿ ಸ್ಟೋವಿನ ಸೀಮೆಎಣ್ಣೆ ಇದ್ದಂತೆ, ಭುಗ್ಗೆಂದು ಉರಿದು ಬೇಗ ಮುಗಿದುಹೋಗುತ್ತವೆ, ಅದಕ್ಕೇ ಅರ್ಧ ದಾರಿಯಲ್ಲಿ ಸುಸ್ತು. ಕೊಬ್ಬು ಅಂದರೆ ಕಟ್ಟಿಗೆಯ ಒಟ್ಟಿಲು, ಎಷ್ಟು ಹೊತ್ತು ಬೇಕಾದರೂ ಉರಿಯುತ್ತದೆ. ಹಿಟ್ಟಿನ ಪದಾರ್ಥ ಬಿಟ್ಟು ಬೆಣ್ಣೆ, ತುಪ್ಪ, ಶೇಂಗಾ, ಮೊಸರು ತಿಂದರೆ ಮೈ ತಾನಾಗಿಯೇ ಕೊಬ್ಬು ಉರಿಸುವುದನ್ನು ಕಲಿಯುತ್ತದಂತೆ. ಪರದೇಶದ ದೊಡ್ಡ ದೊಡ್ಡ ಓಟಗಾರರೇ ಇದನ್ನು ಮಾಡಿ ನೋಡುತ್ತಿದ್ದಾರಂತೆ. ಆಕೆಯೂ ಮಾಡುತ್ತಿದ್ದಾಳಂತೆ. ಅಂತೆ, ಅಂತೆ, ಅಂತೆ. ಇಷ್ಟು ಮಾತನ್ನು ನನ್ನ ಗಂಡ ನನ್ನೊಂದಿಗೆ ಒಂದೇ ಉಸಿರಿನಲ್ಲಿ ಆಡಿದ್ದು ಅದೇ ಮೊದಲು, ಅದೂ ಆಕೆಯ ಮಾತು.

ನಾನು ತಟ್ಟೆಯನ್ನು ಧಡ್ ಎಂದು ಕುಕ್ಕಿದೆ. ಹನ್ನೆರಡು ವರ್ಷ ಸೀಮೆಎಣ್ಣೆ ತಿನ್ನಿಸಿದೆನೇ ನಾನು? ಹಾಗಾದರೆ ಈ ಥರ್ಮಾಸು, ಈ ಗಡಿಯಾರ ಯಾರು ಕೊಟ್ಟರು, ಆಕೆಯ ಇಂಟರ್ನೆಟ್ಟೇ ಎಂದು ಕೇಳಿದೆ. ಅವರು ಬೆಣ್ಣೆಯ ಡಬ್ಬಿ ತಾವೇ ತೆಗೆದುಕೊಂಡರು. ಒಳಗಿನ ಕೋಣೆಯಲ್ಲಿ ಜಪದ ಮಣಿ ಎಣಿಸುತ್ತಿದ್ದ ಅತ್ತೆ ಅಲ್ಲಿಂದಲೇ ನ್ಯಾಯ ತೀರ್ಮಾನಿಸಿದರು.

"ರೊಟ್ಟಿ ಇಲ್ಲ, ಅನ್ನ ಇಲ್ಲ ಅಂದ್ರ ಏಕಾದಶಿ ಆತಲ್ಲ. ಅದಕ್ಯಾಕ ಇಷ್ಟ ಬಡಕೋತಿ? ದಿನಾ ಏಕಾದಶಿ ಅಡಗಿ ಮಾಡಿ ಹಾಕು."

ಇದು ನಮಗೆ ಎಷ್ಟು ಸರಿಯೆನಿಸಿತೆಂದರೆ ಮೂವರಲ್ಲಿ ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ನಮ್ಮ ಕಡೆ ಉಪವಾಸವೆಂದರೆ ಬರಿಹೊಟ್ಟೆಯಲ್ಲಿರುವುದಲ್ಲ. ರೊಟ್ಟಿ, ಅನ್ನ, ಬೇಳೆ ಬಿಟ್ಟು ಉಪವಾಸಕ್ಕೆ ನಡೆಯುವ ಪದಾರ್ಥ ತಿನ್ನುವುದು. ಪುಣೆಯಲ್ಲಂತೂ ಉಪವಾಸದವರಿಗೆಂದೇ ಹೋಟೆಲುಗಳಲ್ಲಿ ಬೇರೆ ತಿಂಡಿ ಸಿಗುತ್ತದೆ. ನಾನು ಸಾಬುದಾಣಿ ನೆನೆಸಿದೆ, ಶೇಂಗಾ ಹುರಿದು ಕುಟ್ಟಿದೆ. ಸಾಬುದಾಣಿ ಖಿಚಡಿ ಒಂದು ದಿನ, ಸಾವೆಯಂಥ ವರಿ ಅಕ್ಕಿ ಒಂದು ದಿನ, ತುಪ್ಪದಲ್ಲಿ ಹುರಿದ ಬಟಾಟೆ, ಬೇಯಿಸಿದ ಗೆಣಸು, ಗಟ್ಟಿ ಮೊಸರು. ಸಿಟ್ಟಿಗೆ ಮೇಲೊಂದು ಸೌಟು ತುಪ್ಪ ಜಾಸ್ತಿ ಸುರಿಯುತ್ತಿದ್ದೆ. ಬೇಕಲ್ಲ ಕೊಬ್ಬು, ತಗೋ ಎಂದು. ಅವರು ಬೆರಳು ನೆಕ್ಕಿ ತಿಂದು, ರೊಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ ಎದ್ದು ಹೋಗುವರು. ವ್ರತ ಹಿಡಿದವರ ಶ್ರದ್ಧೆ ಅದು. ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ಬೆಲ್ಲವಿದೆಯೆಂದು ಅದನ್ನೂ ಬಿಟ್ಟರು.

ನಾನೂ ಅತ್ತೆಯೂ ರೊಟ್ಟಿ ತಿನ್ನುತ್ತಿದ್ದೆವು. ಅವರು ಮನೆಯಲ್ಲಿದ್ದಾಗ ಬೇಕೆಂದೇ ಜೋರಾಗಿ ಬಡಿಯುತ್ತಿದ್ದೆ, ಚಾಳಿನ ಕೊನೆಯ ಮನೆಗೂ ಕೇಳುವಂತೆ.

ಒಂದು ಭಾನುವಾರ ತಡೆಯಲಾಗದೆ ಹಾಲು ತರುವ ನೆಪ ಮಾಡಿ ರಸ್ತೆಗೆ ಹೋಗಿ ನಿಂತೆ. ಬಂದರು ಇಬ್ಬರೂ. ಆಕೆ ಕೂದಲು ಎತ್ತಿ ಕಟ್ಟಿದ್ದಳು, ಗಿಣಿಹಸಿರು ಬಣ್ಣದ ಬೂಟು. ನೋಡಲು ಅಂಥ ರೂಪವಂತೆಯಲ್ಲ, ಇದನ್ನು ನಾನು ನ್ಯಾಯವಾಗಿಯೇ ಹೇಳುತ್ತೇನೆ. ಆದರೆ ಓಡುತ್ತ ಓಡುತ್ತ ಮಾತಾಡುತ್ತಿದ್ದಳು, ನನ್ನ ಗಂಡ ಕತ್ತು ವಾಲಿಸಿ ಕೇಳುತ್ತಿದ್ದರು. ನನ್ನ ಮುಂದೆಯೇ ಹಾದುಹೋದರು, ನನ್ನನ್ನು ಕಾಣಲಿಲ್ಲ. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂದು ನನಗೆ ಅವತ್ತೂ ಗೊತ್ತಿತ್ತು. ಕೆಟ್ಟದ್ದಿದ್ದರೆ ಕೂದಲು ಹಿಡಿದು ಜಗಳ ತೆಗೆಯಬಹುದಿತ್ತು. ಇಬ್ಬರ ಹೆಜ್ಜೆಯೂ ಒಂದೇ ತಾಳದಲ್ಲಿ ಬೀಳುತ್ತಿತ್ತಲ್ಲ, ಅದಕ್ಕೆ ಯಾರ ಕೂದಲು ಹಿಡಿಯಲಿ? ಮನೆಗೆ ಬಂದು ಹಾಲು ಉಕ್ಕಿಸಿಬಿಟ್ಟೆ.

ಇಷ್ಟರಲ್ಲಿ ಗಂಡನ ಮಾತೂ ಬದಲಾಯಿತು. ನೀರು ಇದೆಯಾ ಎಂದರು ಒಂದು ದಿನ. ನಮ್ಮ ಮನೆಯಲ್ಲಿ ನೀರು ಯಾವತ್ತೂ 'ಅದ', 'ಇದೆ' ಎಂದಿಗೂ ಅಲ್ಲ. ಜಪದ ಮಣಿ ನಿಲ್ಲಿಸಿ ಅತ್ತೆಯೂ ತಲೆಯೆತ್ತಿ ನೋಡಿದರು. ನೀರು ಅದ, ಮಣ್ಣಿನ ಕೊಡದಾಗ ಅದ, ಕೈ ಇದ್ದವರು ತಗೋಬೇಕು ಎಂದು ಹೇಳಿ ನಾನು ಒಳಗೆ ಹೋದೆ.

ಇಷ್ಟೆಲ್ಲ ಸಹಿಸಬಹುದಿತ್ತು. ಸಹಿಸಲಾಗದ ಸಂಗತಿಯೆಂದರೆ ಅದು ಫಲ ಕೊಡತೊಡಗಿತು. ಗಂಡನ ಮೈ ಹಗುರಾಯಿತು, ಮುಖದಲ್ಲಿ ಕಳೆ ಬಂತು. ಅರ್ಧ ದಾರಿಯ ಸುಸ್ತು ಎಲ್ಲಿ ಹೋಯಿತೋ, ಘಾಟಿನ ಬುಡದವರೆಗೆ ಹೋಗಿ ಬರುತ್ತಿದ್ದವರು ಘಾಟು ಹತ್ತಿ ಇಳಿದು ಬರತೊಡಗಿದರು. ಸಾತಾರಾದ ಹುಡುಗರಲ್ಲಿ ಇಬ್ಬರನ್ನು ಅಭ್ಯಾಸದ ಓಟದಲ್ಲಿ ಹಿಂದೆ ಹಾಕಿದರು. ಹಿಂದಿನ ಬೇಸಿಗೆಯಲ್ಲಿ ಮುಗಿದುಹೋದ ಎಂದುಕೊಂಡವನು ಹೀಗೆ ಎದ್ದನಲ್ಲ ಎಂದು ಕಾರಖಾನೆಯಲ್ಲಿ ಸುದ್ದಿ. ಏನು ತಿನ್ನುತ್ತೀ ಎಂದು ಜನ ಕೇಳಿದರೆ ಈಗ ಅವರೇ ಬಾಯಿ ಬಿಟ್ಟು ಹೇಳುವರು: ರೊಟ್ಟಿ ಬಿಟ್ಟೆ, ತುಪ್ಪ ತಿನ್ನುತ್ತೇನೆ, ನಮ್ಮ ಮೇಡಂ ಹೇಳಿಕೊಟ್ಟರು. ಅದನ್ನು ಕೇಳಿ ಚಾಳಿನಲ್ಲೇ ಮೂರು ಮನೆಯವರು ರಾತ್ರಿಯ ಭಾಕರಿ ನಿಲ್ಲಿಸಿದರು. ಹನ್ನೆರಡು ವರ್ಷದ ಹೆಸರು ಎರಡು ತಿಂಗಳಲ್ಲಿ ಅಳಿಸಿಹೋಯಿತು. ಸಾಬುದಾಣಿ ನೆನೆಸುವವಳು ನಾನು, ಬೆಣ್ಣೆ ಕಾಯಿಸುವವಳು ನಾನು, ಹೆಸರು ಮಾತ್ರ ಮೇಡಂದು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡಿದೆ ನಾನು ಆ ದಿನಗಳಲ್ಲಿ. ಸೋಲಲಿ, ಒಂದು ಸಲ ಸೋಲಲಿ ಎಂದು ದೇವರ ಮುಂದೆ ನಿಂತಾಗ ಬಾಯಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದ್ದೂ ಉಂಟು.

ಆಯ್ಕೆಯ ಓಟಕ್ಕೆ ಇನ್ನು ಒಂದೂವರೆ ತಿಂಗಳಿದೆ ಅನ್ನುವಾಗ, ಆಕೆಯನ್ನು ಒಮ್ಮೆ ಊಟಕ್ಕೆ ಕರೆಯೋಣ, ನಮ್ಮ ಕಡೆಯ ಹೆಣ್ಣುಮಗಳು, ಒಬ್ಬಳೇ ಇರುತ್ತಾಳೆ ಎಂದರು ಗಂಡ. ನಮ್ಮ ಕಡೆ ಎಲ್ಲಿ, ಬೆಂಗಳೂರು ಎಲ್ಲಿ. ಕರೆಯಿರಿ ಎಂದೆ. ನನಗೂ ಆಕೆಯನ್ನು ಹತ್ತಿರದಿಂದ ನೋಡಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆಕೆ ನನ್ನ ಅಡುಗೆ ನೋಡಬೇಕಿತ್ತು. ಭಾನುವಾರ ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತೆ. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ರೊಟ್ಟಿಯ ಒಂದು ದೊಡ್ಡ ಒಟ್ಟಿಲು. ರೊಟ್ಟಿ ಯಾರೂ ಮುಟ್ಟದಿದ್ದರೆ ಬೇಡ, ಕಣ್ಣಿಗಾದರೂ ಬೀಳಲಿ. ವ್ರತದವರಿಬ್ಬರಿಗೂ ಬೇರೆ ತಟ್ಟೆ.

ಬಂದವಳು ಚಪ್ಪಲಿ ಬಿಡುತ್ತಲೇ ನನ್ನನ್ನು ಆಂಟಿ ಎಂದಳು. ಗಂಡ ಸರ್, ನಾನು ಆಂಟಿ. ಗಂಡನಿಗೂ ನನಗೂ ನಾಲ್ಕು ವರ್ಷದ ಅಂತರ, ಅದೂ ನಾನೇ ಚಿಕ್ಕವಳು. ನಗುತ್ತಲೇ ನೀರು ಕೊಟ್ಟೆ. ಹತ್ತಿರದಿಂದ ನೋಡಿದರೆ ಆಕೆಯ ಮುಖ ಬಾಡಿದ ಮೆಂತ್ಯದ ಸೊಪ್ಪಿನಂತಿತ್ತು. ಕಣ್ಣ ಕೆಳಗೆ ಕಪ್ಪು, ಗಲ್ಲದ ಮೂಳೆ ಎದ್ದಿತ್ತು. ಬಾಗಿಲು ದಾಟಿದವಳೇ ರೊಟ್ಟಿಯ ಒಟ್ಟಿಲನ್ನು ನೋಡಿ ಅಲ್ಲೇ ಒಂದು ಗಳಿಗೆ ನಿಂತಳು.

ಇಬ್ಬರನ್ನೂ ಕೂರಿಸಿ ಬಡಿಸಿದೆ. ತುಪ್ಪ ಒಸರುವ ಸಾಬುದಾಣಿ ಖಿಚಡಿ, ಹುರಿದ ಬಟಾಟೆ, ಗೆಣಸು, ಮೊಸರು. ಆಕೆ ತಟ್ಟೆಯನ್ನೇ ನೋಡುತ್ತಿದ್ದಳು, ಕೈ ಹಾಕಲಿಲ್ಲ.

"ಸರ್, ನೀವು ದಿನಾ ಇದನ್ನೇ ತಿಂತೀರಾ?"

ಗಂಡ ಹೆಮ್ಮೆಯಿಂದ ಹೌದೆಂದರು, ನೀವು ಹೇಳಿದ ದಿನದಿಂದ ರೊಟ್ಟಿಯ ಚೂರು ಮುಟ್ಟಿಲ್ಲ, ಅನ್ನದ ಅಗುಳು ಮುಟ್ಟಿಲ್ಲ ಎಂದರು. ಅದು ಸತ್ಯವೆಂದು ನಾನೂ ಬಾಗಿಲಲ್ಲಿ ನಿಂತು ಸಾಕ್ಷಿ ಹೇಳಿದೆ. ಆಕೆ ಹಣೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ, ನೋಯಿಸಬಾರದೆನ್ನುವಂತೆ ಬಿಡಿಸಿ ಹೇಳಿದಳು. ಸಾಬುದಾಣಿ ಎಂದರೆ ಗೆಡ್ಡೆಯ ಹಿಟ್ಟು, ಹಿಟ್ಟು ಬಿಟ್ಟು ಅದರಲ್ಲಿ ಏನೂ ಇಲ್ಲ. ಬಟಾಟೆಯೂ ಅದೇ, ಗೆಣಸೂ ಅದೇ, ವರಿ ಅಕ್ಕಿಯೂ ಅದೇ. ರೊಟ್ಟಿಯಲ್ಲಿರುವುದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲ.

"ನೀವು ಆ ಡಯೆಟ್ ಮಾಡೇ ಇಲ್ಲ ಸರ್," ಎಂದಳು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ತಡ, ನಗು ಬಂತು. ಎಂಥ ನಗು ಅಂತೀರಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕೆ, ಸೆರಗು ಬಾಯಿಗೆ ತುರುಕಿ ನಕ್ಕೆ, ಎರಡು ತಿಂಗಳು ಹೊಟ್ಟೆಯಲ್ಲಿದ್ದ ಕೆಂಡವೆಲ್ಲ ನಗುವಾಗಿ ಹೊರಬಂತು. ನನ್ನನ್ನು ನೋಡಿ ಅತ್ತೆಯೂ ಬೊಚ್ಚುಬಾಯಿ ತೆರೆದು ನಕ್ಕರು. ಹಾಗಾದರೆ ಇಷ್ಟು ದಿನ ಘಾಟು ಹತ್ತಿದ್ದು ನಾನು ಹಾಕಿದ ಹಿಟ್ಟೇ ಆಯಿತಲ್ಲ ಎಂದೆ. ಆಕೆಯ ಮುಂದೆಯೇ ಎಂದೆ. ಎರಡು ಸಲ ಎಂದೆ. ಆಕೆಗೂ ತುಸು ನಗು ಬಂತು, ಪಾಪ, ತಡೆದುಕೊಂಡಳು. ಗಂಡ ತಟ್ಟೆಯಲ್ಲಿದ್ದ ಖಿಚಡಿಯನ್ನು ಬೆರಳಿನಿಂದ ಒಂದು ಕಡೆಗೆ ಸರಿಸುತ್ತಿದ್ದರು.

ನಗು ಮುಗಿದ ಮೇಲೆ ಆಕೆ ಒಂದು ಮಾತು ಹೇಳಿದಳು. ಆಕೆ ಆ ಪಥ್ಯವನ್ನು ಅಕ್ಷರಶಃ ಮಾಡಿದ್ದಳು, ಗೆಡ್ಡೆಯಿಲ್ಲ, ಹಣ್ಣಿಲ್ಲ. ಸಮನೆಲದಲ್ಲಿ ನಿಧಾನಕ್ಕೆ ಎಷ್ಟು ದೂರ ಬೇಕಾದರೂ ಓಡಬಲ್ಲಳು, ಏರು ಬಂದರೆ ಕಾಲು ಎತ್ತಲಾಗುವುದಿಲ್ಲ, ಕೊನೆಯಲ್ಲಿ ಬಿರುಸಾಗಿ ಓಡೋಣವೆಂದರೆ ಮೈ ಕೇಳುವುದಿಲ್ಲ. ಅದೇ ಪಥ್ಯದಲ್ಲಿ ಸರ್ ಹಕ್ಕಿಯಂತೆ ಘಾಟು ಹತ್ತುತ್ತಾರೆ, ನನ್ನ ಮೈಯೇ ಕೆಟ್ಟದ್ದು ಎಂದುಕೊಂಡಿದ್ದಳಂತೆ. ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ ಸರ್ ಎಂದಳು. ಹೇಳಿದವಳೇ ಖಿಚಡಿ ಪಕ್ಕಕ್ಕೆ ಸರಿಸಿ, ಆಂಟಿ, ನನಗೆ ಒಂದು ರೊಟ್ಟಿ ಕೊಡ್ತೀರಾ ಎಂದು ಕೇಳಿದಳು. ಕೊಟ್ಟೆ. ಕಣ್ಣು ಮುಚ್ಚಿ ತಿಂದಳು. ಮತ್ತೊಂದು ಕೇಳಿದಳು, ಮತ್ತೊಂದು. ಮನೆಗೆ ಹೊರಡುವಾಗ ಗಂಡನ ಮುಂದೆ ನಿಂತು ಕೈಮುಗಿಯುವಂತೆ ಹೇಳಿದಳು:

"ಸರ್, ಪ್ಲೀಸ್. ಟ್ರಯಲ್ ಮುಗಿಯೋವರೆಗೂ ಏನೂ ಚೇಂಜ್ ಮಾಡ್ಬೇಡಿ. ಚೆನ್ನಾಗಿ ಓಡ್ತಿದ್ದೀರಿ. ಇದನ್ನೇ ತಿನ್ನಿ."

ನಾನು ಗೆದ್ದೆ ಎಂದುಕೊಂಡೆ. ಸಂಜೆ ನಲ್ಲಿಯ ಹತ್ತಿರ ಹೋಗಿ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಚಾಳಿಗೆ ಚಾಳೇ ನಕ್ಕಿತು. ಮೂರು ಮನೆಗಳಲ್ಲಿ ಭಾಕರಿ ಮರಳಿ ಬಂತು.

ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ರೊಟ್ಟಿ ಹಾಕಿದರೆ ಗಂಡ ತೆಗೆದು ಬುಟ್ಟಿಗಿಟ್ಟರು. ಖಿಚಡಿ ಹಾಕಿದರೆ ಅದನ್ನೂ ಸರಿಸಿದರು. ಇಷ್ಟು ದಿನ ಮಾಡಿದ್ದು ಖೊಟ್ಟಿ, ಇನ್ನು ಮೇಲೆ ಖರೇ ಮಾಡುತ್ತೇನೆ ಎಂದರು. ಭಂಗವಾದ ವ್ರತವನ್ನು ಮೊದಲಿನಿಂದ ಹಿಡಿಯುವವರ ಹಾಗೆ. ನಾನು ದಂಗಾದೆ. ಆಕೆಯೇ ಬೇಡವೆಂದಳಲ್ಲ ಎಂದೆ. ಓಟ ಹತ್ತಿರ ಬಂತು, ಹುಚ್ಚಾಟ ಬೇಡ ಎಂದೆ. ಅತ್ತೆ ಸಣ್ಣ ಕೂಸಿಗೆ ಹೇಳುವಂತೆ ಹೇಳಿದರು. ಗೋಡೆಗೆ ಹೇಳಿದಂತಾಯಿತು. ಬರೀ ಬೆಣ್ಣೆ, ಪನೀರು, ಶೇಂಗಾ, ಸೊಪ್ಪು. ಸಂಜೆ ರಸ್ತೆಯ ಗಾಡಿಯ ಮೇಲೆ ಮೊಟ್ಟೆ ಬುರ್ಜಿ, ಅದೂ ಪಾವ್ ಇಲ್ಲದೆ. ಮೊದಲ ವಾರ ತಲೆನೋವು, ಸಿಡಿಮಿಡಿ. ಬಾಯಿ ತೆರೆದರೆ ಕೊಳೆತ ಹಣ್ಣಿನ ವಾಸನೆ. ಆಮೇಲೆ ಮೈ ಹೊಂದಿಕೊಂಡಿತು, ಹಸಿವೆ ಸತ್ತಿತು, ಸಮನೆಲದಲ್ಲಿ ದಣಿವಿಲ್ಲದೆ ಓಡಿದರು. ಆದರೆ ಘಾಟಿನ ವಿಷಯ ಕೇಳಿದರೆ ಮಾತು ಹಾರಿಸುತ್ತಿದ್ದರು.

ಇದೆಲ್ಲ ಆಕೆಯ ಸಲುವಾಗಿ ಎಂದು ನಾನು ಖಚಿತ ಮಾಡಿಕೊಂಡೆ. ಆಕೆಯ ಮುಂದೆ ಮಾನ ಹೋಯಿತಲ್ಲ, ಈಗ ಆಕೆಯ ಪಥ್ಯ ಮಾಡಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು. ಹಳೆಯ ಉರಿ ಇಮ್ಮಡಿಯಾಗಿ ಎದ್ದಿತು. ಮಾತು ಬಿಟ್ಟೆ.

ಓಟದ ದಿನ ಅವರಿಗೆ ಹೇಳದೆ ಸಾಸವಡದ ಬಸ್ಸು ಹತ್ತಿ ದಿವೆ ಘಾಟಿನ ಮೇಲಿನ ತಿರುವಿನಲ್ಲಿ ಇಳಿದು ನಿಂತೆ. ಪಂಢರಪುರಕ್ಕೆ ಹೋಗುವ ವಾರಕರಿಗಳು ಆಷಾಢದಲ್ಲಿ ಪಲ್ಲಕ್ಕಿ ಹತ್ತಿಸುವ ಏರು ಅದು. ಕೆಳಗೆ ರಸ್ತೆ ಸುತ್ತಿ ಸುತ್ತಿ ಇಳಿದದ್ದು ಪೂರ್ತಿ ಕಾಣುತ್ತದೆ. ಆ ಬೆಂಗಳೂರಿನವಳೂ ಬಂದಿದ್ದಳು, ಕೈಯಲ್ಲಿ ಬಾಳೆಹಣ್ಣು, ಗ್ಲೂಕೋಸ್ ನೀರಿನ ಬಾಟಲಿ. ನನ್ನನ್ನು ನೋಡಿ ಹತ್ತಿರ ಬಂದು ನಿಂತಳು. ಮುಖದಲ್ಲಿ ರಕ್ತ ಬಂದಿತ್ತು, ರೊಟ್ಟಿಗೆ ಹಿಂದಿರುಗಿದ್ದು ತಿಳಿಯುತ್ತಿತ್ತು.

ಘಾಟಿನ ಬುಡಕ್ಕೆ ಬಂದಾಗ ಗಂಡ ಎರಡನೆಯವರಾಗಿದ್ದರು. ಅಂಗಿಯ ಬಣ್ಣದ ಮೇಲೆ ಗುರುತು ಹಿಡಿದೆ, ಎದೆ ಉಬ್ಬಿತು. ಸುಳ್ಳು ಯಾಕೆ ಹೇಳಲಿ, ಗೆಲ್ಲಲಿ ಎಂದೇ ಬೇಡಿದೆ, ತುಪ್ಪದಿಂದಲಾದರೂ ಗೆಲ್ಲಲಿ, ಆಕೆಯ ಹೆಸರಿನಲ್ಲಾದರೂ ಗೆಲ್ಲಲಿ. ಮೊದಲ ತಿರುವಿನಲ್ಲಿ ಒಬ್ಬ ಹುಡುಗ ಅವರನ್ನು ದಾಟಿದ. ಎರಡನೆಯದರಲ್ಲಿ ಮತ್ತಿಬ್ಬರು. ಅವರು ಸುಸ್ತಾದವರಂತೆ ಕಾಣಲಿಲ್ಲ, ಉಸಿರು ಕಟ್ಟಿದವರಂತೆಯೂ ಇಲ್ಲ. ಒಂದೇ ಗತಿಯಲ್ಲಿ ಬರುತ್ತಿದ್ದರು, ಆ ಗತಿಗಿಂತ ಮುಂದಕ್ಕೆ ಹೋಗಲಾಗುತ್ತಿರಲಿಲ್ಲ, ಅಷ್ಟೇ. ಕಟ್ಟಿಗೆಯ ಒಟ್ಟಿಲು ಉರಿಯುತ್ತಿತ್ತು, ಆದರೆ ಸ್ಟೋವಿಗೆ ಗಾಳಿ ಹೊಡೆದಂತೆ ಭುಗ್ಗೆನ್ನಬೇಕಾದ ಹೊತ್ತಿನಲ್ಲಿ ಅದು ಭುಗ್ಗೆನ್ನಲಿಲ್ಲ. ನಮ್ಮ ಮುಂದೆ ಬಂದಾಗ ಆಕೆ ಬಾಟಲಿ ಚಾಚಿ ಓಡಿದಳು. ಅವರು ತಲೆಯಾಡಿಸಿದರು. ಆಮೇಲೆ ನನ್ನನ್ನು ಕಂಡರು. ಕಂಡು ಮುಖ ಆ ಕಡೆಗೆ ತಿರುಗಿಸಿ, ಹಾಗೆಯೇ ಹತ್ತಿ ಹೋದರು. ನೆತ್ತಿಯ ಮೇಲೆ ಆರು ಜನ ಅವರಿಗಿಂತ ಮೊದಲು ನಿಂತಿದ್ದರು.

ಮಧ್ಯಾಹ್ನ ಮನೆಗೆ ಬಂದು ಸ್ನಾನ ಮಾಡಿ ತಟ್ಟೆಯ ಮುಂದೆ ಕೂತರು. ಹಂಚಿನಿಂದ ತೆಗೆದ ರೊಟ್ಟಿ ಹಾಕಿದೆ. ಮುರಿದು ತಿನ್ನತೊಡಗಿದರು. ನನಗೆ ಅಳು ಬರುವಂತಾಗಿ, ಅಳುವ ಬದಲು ಸಿಟ್ಟು ಮಾಡಿದೆ. ಎಲ್ಲಾ ಆ ಬೆಂಗಳೂರಿನವಳಿಂದ, ನಾಳೆಯಿಂದ ರಾತ್ರಿ ಪಾಳಿಗೆ ಆಕೆ ಹೋಗುತ್ತಾಳೇನು ಎಂದೆ.

"ಆಕಿನ್ನ ಯಾಕ ಅಂತಿ? ಆಕಿ ಬ್ಯಾಡ ಅಂದಿದ್ಲು."

ಮತ್ತೆ ಯಾರಿಗಾಗಿ ಮಾಡಿದಿರಿ ಎಂದು ಕೇಳಿದೆ. ಆಕೆಯ ಮುಂದೆ ಗಂಡಸುತನ ತೋರಿಸಲಿಕ್ಕೆ ಅಲ್ಲವೇ? ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಇಷ್ಟು ವರ್ಷ ಜೊತೆಗಿದ್ದು ಇವಳಿಗೆ ಗೊತ್ತೇ ಇಲ್ಲವಲ್ಲ ಎಂಬಂತೆ.

"ಮದಿವ್ಯಾದಾಗಿಂದ ನಾ ಒಂದ ಓಟಾನೂ ಗೆದ್ದಿಲ್ಲ. ಎಲ್ಲಾ ನಿನ್ನ ರೊಟ್ಟಿನ ಗೆದ್ದಾವ. ಒಂದ ಸಲ ನಾನ ಓಡಬೇಕು ಅನಸ್ತು."

ಹಂಚಿನ ಮೇಲಿದ್ದ ರೊಟ್ಟಿ ಕರಕಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ಹಂಗಾರ ಇಷ್ಟು ವರ್ಷ ಯಾಕ ಉಂಡ್ರಿ ಎಂದೆ.

"ಭಾಳ ಚೊಲೋ ಇರ್ತಿದ್ವು," ಎಂದು ಮತ್ತೊಂದು ಚೂರು ಮುರಿದುಕೊಂಡರು.

ಹೊಟ್ಟೆಕಿಚ್ಚೆಂಬುದು ಆ ಮನೆಯಲ್ಲಿ ನನ್ನೊಬ್ಬಳಿಗೇ ಸೇರಿದ್ದು ಎಂದು ತಿಳಿದಿದ್ದೆ. ನನ್ನ ಎದುರಿಗೇ ಕೂತು ಒಬ್ಬ ಮನುಷ್ಯ ಹನ್ನೆರಡು ವರ್ಷ ನನ್ನ ಮೇಲೆ ಉರಿದುಕೊಂಡು ಉಂಡಿದ್ದ, ನಾನು ಇನ್ನೊಂದು ಹಾಕಲೇ, ಇನ್ನೊಂದು ಹಾಕಲೇ ಎಂದು ಬಡಿಸುತ್ತಲೇ ಇದ್ದೆ.